ಶನಿಯ ಸಂಸಾರ

“ಗುರುಗಳೇ, ನನ್ನನ್ನು ಸಾಕಿ ಬೆಳೆಸಿದ ಅಣ್ಣನಿಗೆ ಯಾರ ಕೈಯಲ್ಲಿ ಹೇಳಿ ಕಳಿಸಿದರೂ ಈಗ ಮರುಮಾತಿಲ್ಲ. ಅಂದು ಕಂಡ ಪ್ರೀತಿ ನಿಜವೋ, ನನ್ನ ಭ್ರಮೆಯೋ? ಭ್ರಮೆಯಾದರೆ ಆ ನಂಟನ್ನು ಇಂದೇ ಕಳಚಿಕೊಳ್ಳುತ್ತೇನೆ” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಖಗೋಳಜ್ಞನಿದ್ದ. ಶನಿ ಮನುಷ್ಯರ ಬೆನ್ನು ಹತ್ತುವುದನ್ನು ಊರು ಬಲ್ಲದು. ಮನುಷ್ಯನೊಬ್ಬ ಶನಿಯ ಬೆನ್ನು ಹತ್ತಿದ್ದನ್ನು ಅದು ನೋಡಿದ್ದು ಅದೇ ಮೊದಲು. ತಾನೇ ಗಾಜು ಉಜ್ಜಿ ದುರ್ಬೀನು ಕಟ್ಟಿ ನೋಡಿದಾಗ, ಶನಿಯ ಎಡಬಲಕ್ಕೆ ಎರಡು ಪುಟ್ಟ ಬೆಳಕುಗಳು ಅಂಟಿಕೊಂಡಿದ್ದವು. ಇವರು ಇಬ್ಬರು ಚಂದ್ರರು ಎಂದು ಅವನು ಸಾರಿದ. ಊರು ಸಾಲುಗಟ್ಟಿ ಬಂದು ನೋಡಿತು. ಶನಿಗೆ ಹೆದರಿ ಜನ್ಮವಿಡೀ ಎಳ್ಳೆಣ್ಣೆಯ ದೀಪ ಹಚ್ಚಿದ್ದ ಮುದುಕಿಯೊಬ್ಬಳು, “ಪಾಪ, ಅವನಿಗೂ ಎರಡು ಮಕ್ಕಳಿವೆಯೇ! ಅದಕ್ಕೇ ಅಷ್ಟು ಸಿಡುಕು” ಎಂದಳು.

ವರ್ಷಗಳು ಕಳೆದಂತೆ ಆ ಬೆಳಕುಗಳು ಸಣ್ಣಗಾಗುತ್ತ ಬಂದವು. ಒಂದು ಸಂಜೆ ನೋಡಿದರೆ ಇಲ್ಲವೇ ಇಲ್ಲ. “ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳೇನೋ” ಎಂದು ಊರು ನಕ್ಕಿತು. ಪಂಚಾಂಗದ ಪಂಡಿತರು ನಗಲಿಲ್ಲ, ಅವರಿಗೆ ಅಭ್ಯಾಸವಿರಲಿಲ್ಲ.

“ಕಂಡದ್ದು ಸುಳ್ಳೆಂದು ಸಭೆಯಲ್ಲಿ ಒಪ್ಪಿಕೊ. ಇಲ್ಲವಾದರೆ ಇನ್ನು ನಿನ್ನ ಮಾತನ್ನು ಯಾರೂ ನಂಬುವುದಿಲ್ಲ” ಎಂದರು.

“ಅಂದು ಕಂಡದ್ದೂ ನಿಜ, ಇಂದು ಕಾಣದಿರುವುದೂ ನಿಜ” ಎಂದ ಅವನು.

ಅಲ್ಲಿಂದ ಮುಂದೆ ಅವನನ್ನು ಯಾರೂ ನಂಬಲಿಲ್ಲ. ಪಂಡಿತರು ನುಡಿದ ಭವಿಷ್ಯ ಫಲಿಸಿದ್ದು ಆಗಲೇ.

ಆದರೂ ಅವನು ಸಂಜೆಯಾದರೆ ಮಾಳಿಗೆ ಹತ್ತುತ್ತಿದ್ದ. ಮುದುಕಿ ಅಂಬಲಿ ತಂದಿಟ್ಟು, “ಬೋಳು ಶನಿಯಲ್ಲಿ ಏನು ನೋಡುತ್ತೀಯೋ ಮಗಾ?” ಎಂದಳು.

“ಅವು ಬರುವಾಗ ನಾನು ಇರಬೇಡವೇ ಅಜ್ಜಿ?”

ಹಾಗೆ ನೋಡುತ್ತಿದ್ದಾಗಲೇ, ಶನಿಯಿಂದ ತುಸು ದೂರದಲ್ಲಿ ಒಂದು ಚುಕ್ಕಿ ಶನಿಯನ್ನೇ ಸುತ್ತುತ್ತಿರುವುದು ಕಣ್ಣಿಗೆ ಬಿತ್ತು. ಪಕ್ಕದ ಬೆಳಕುಗಳ ಸಡಗರದಲ್ಲಿ ಇಷ್ಟು ಕಾಲ ಅದನ್ನು ಗಮನಿಸಿರಲಿಲ್ಲ. ಕೆಲವು ತಿಂಗಳ ಮೇಲೆ ಆ ಬೆಳಕುಗಳೂ ಕೂದಲೆಳೆಯಂತೆ ಮರಳಿದವು. ಆಗ ತಿಳಿಯಿತು: ಅವು ಎರಡಲ್ಲ, ಚಂದ್ರರೂ ಅಲ್ಲ. ಶನಿಯ ಸುತ್ತ ಇರುವುದು ಒಂದೇ ಅಗಲವಾದ ಬಳೆ, ತಾಳೆಗರಿಯಂತೆ ತೆಳ್ಳಗಿನದು. ಅಂಚು ನಮ್ಮತ್ತ ತಿರುಗಿದ್ದಾಗ ಕಾಣದಾಗಿತ್ತು, ಎಲ್ಲಿಗೂ ಹೋಗಿರಲಿಲ್ಲ.

“ಹಾಗಾದರೆ ಮಕ್ಕಳಿಲ್ಲವೇ?” ಮುದುಕಿಯ ಮುಖ ಬಾಡಿತು.

“ಒಂದಿದೆ ಅಜ್ಜಿ. ಸ್ವಲ್ಪ ದೂರದಲ್ಲಿ ಆಡುತ್ತಿದೆ.”

“ಒಂದಾದರೂ ಇರಲಿ ಬಿಡು” ಎಂದು ಅವಳು ಕಣ್ಣೊರೆಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಎದೆಯ ಭಾರ ಇಳಿದಂತಾಯಿತು. “ತಿಳಿಯಿತು. ಅಣ್ಣನ ಪ್ರೀತಿ ಎಲ್ಲಿಗೂ ಹೋಗಿಲ್ಲ. ಅದು ಮತ್ತೆ ಕಾಣುವವರೆಗೆ ಇಲ್ಲಿಯೇ ಕಾದಿರುತ್ತೇನೆ” ಎಂದ.

ಗುರುಗಳು ಕೇಳಿದರು: “ಅಣ್ಣನ ಮುಖವನ್ನು ನೀನು ಕಡೆಯ ಸಲ ನೋಡಿದ್ದು ಯಾವಾಗ?”