ಸಾಹೇಬರ ಮನೆಗೆ ಹೋದ ಜಿಲೇಬಿ ಮೀನು

ಹಾಸ್ಟೆಲಿನಲ್ಲಿ ಅಡುಗೆ ಮಾಡುವ ದ್ಯಾವಮ್ಮ ತನ್ನ ಮನೆಯ ಹಿತ್ತಲ ತೊಟ್ಟಿಯಲ್ಲಿ ಜಿಲೇಬಿ ಮೀನು ಸಾಕಿದ್ದಳು. ಮನೆಯ ಐದು ಬಾಯಿಗೆ ವಾರದ ಸಾರು ಅದರಿಂದಲೇ ಆಗಬೇಕು.

ಒಂದು ದಿನ ಪುರಸಭೆಯ ಆರೋಗ್ಯ ನಿರೀಕ್ಷಕರು ಮೀಸೆ ತಿರುವುತ್ತ ಬಂದರು. "ನಿಂತ ನೀರು! ಸೊಳ್ಳೆ ಹುಟ್ಟುತ್ತೆ. ತೊಟ್ಟಿ ಒಡಿಸ್ತೀನಿ. ಬೇಡ ಅಂದ್ರೆ ಪ್ರತಿ ಭಾನುವಾರ ನಾಲ್ಕು ದಪ್ಪ ಮೀನು ನಮ್ಮನೆಗೆ ಬರಲಿ."

ದ್ಯಾವಮ್ಮ ಜಗ್ಗುವ ಹೆಂಗಸಲ್ಲ. "ಒಂದೇ ಒಂದು ಸೊಳ್ಳೆಮರಿ ತೋರಿಸಿ ಸ್ವಾಮಿ, ತೊಟ್ಟಿ ನಾನೇ ಒಡೀತೀನಿ."

ಸಾಹೇಬರು ಅಂಗಿಯ ತೋಳು ಮಡಚಿ ಚೊಂಬಿನಲ್ಲಿ ನೀರು ಎತ್ತೆತ್ತಿ ನೋಡಿದರು. ಒಂದೂ ಸಿಗಲಿಲ್ಲ. ಮೀನು ತಿನ್ನದೆ ಉಳಿಸಿದ್ದರೆ ತಾನೆ ಸಿಗುವುದು? ಆದರೆ ಅವರ ಕೈತುಂಬ ಸೊಳ್ಳೆ ಕಚ್ಚಿದ ಗುಳ್ಳೆಗಳು. ದ್ಯಾವಮ್ಮ ಅದನ್ನು ನೋಡಿಟ್ಟುಕೊಂಡಳು.

"ಭಾನುವಾರ ಮರೀಬೇಡ" ಎಂದು ಗದರಿ ಸಾಹೇಬರು ಹೋದರು.

ಅವಳು ಮರೆಯಲಿಲ್ಲ. ಭಾನುವಾರ ಬಿಂದಿಗೆ ಹೊತ್ತು ಹೋಗಿ, ಬೀದಿಯವರೆಲ್ಲ ನೋಡುತ್ತಿದ್ದಂತೆ ಸಾಹೇಬರ ಅಂಗಳದ ತೊಟ್ಟಿಯ ಮುಚ್ಚಳ ಎತ್ತಿದಳು. ನೀರಿನ ತುಂಬ ಸೊಳ್ಳೆಮರಿ. ಬಿಂದಿಗೆಯಲ್ಲಿದ್ದ ಬೆರಳುದ್ದದ ಮೀನುಮರಿಗಳನ್ನು ಅದರೊಳಗೆ ಸುರಿದಳು.

"ದಪ್ಪ ಮೀನೆಲ್ಲೇ?" ಸಾಹೇಬರು ಕೂಗಿದರು.

"ಇಲ್ಲೇ ದಪ್ಪ ಆಗ್ತವೆ ಸ್ವಾಮಿ. ನಮ್ಮನೇಲಿ ಸೊಳ್ಳೆಮರಿ ಸಿಗದೆ ಸೊರಗಿದ್ವು. ನಿಮ್ಮನೇಲಿ ದಿನಾ ಹಬ್ಬದೂಟ!"