ಮಣಿಯೊಳಗಿನ ನೀರು

ರಾಜಕುಮಾರಿ ಮಾಚಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಸೋತವನಿಗೆ ಅಮಾವಾಸ್ಯೆಯ ದಿನ ತಲೆದಂಡ ಎಂದು ಬೊಮ್ಮರಸ ದೊರೆ ಡಂಗುರ ಸಾರಿಸಿದ. ತಲೆ ಹೋಗುವ ಮಾತು ಕೇಳಿದರೆ ಯಾರೂ ಬರುವುದಿಲ್ಲವೆಂದು ಮಾಚಲೆ ಇದಕ್ಕೆ ಒಪ್ಪಿದ್ದಳು. ಆದರೂ ಬಂದರು. ಹದಿನೈದು ದಿನದಲ್ಲಿ ಒಂಬತ್ತು ರಾಜಕುಮಾರರು ಸೆರೆಮನೆ ಸೇರಿದರು.

ಉತ್ತರ ಅವಳ ಕೊರಳಲ್ಲೇ ಇತ್ತು. ತೀರಿಹೋದ ತಾಯಿಯ ಸರದ ಜೇನುಬಣ್ಣದ ಮಣಿಯನ್ನು ಬೆರಳಲ್ಲಿ ಹಿಡಿದೇ ಅವಳು ಒಗಟು ಹೇಳುತ್ತಿದ್ದಳು. "ಮರದಲ್ಲಿ ಹುಟ್ಟಿದ್ದು, ಹಣ್ಣಲ್ಲ, ಮಣ್ಣಲ್ಲಿ ಸಿಕ್ಕಿದ್ದು, ಕಲ್ಲಲ್ಲ. ಯಾವುದು? ಬಾಯಿಲ್ಲದ ಬಾವಿ, ಬತ್ತದ ನೀರು. ಯಾವುದು? ತಲೆಕೆಳಗು ಮಾಡಿದರೂ ಮೇಲಕ್ಕೇ ಏರುತ್ತದೆ, ಜೀವವಿಲ್ಲ. ಯಾವುದು?"

ಮೊದಲನೆಯದಕ್ಕೆ ಬೇರು ಎಂದರು. ಮೂರನೆಯದಕ್ಕೆ ದೊರೆಯ ಕೀರ್ತಿ ಎಂದು ಹೊಗಳಿದರು. ಎರಡನೆಯದಕ್ಕೆ ಎಂಟು ಜನ ತೆಂಗಿನಕಾಯಿ ಎಂದರು. ತೆಂಗಿನಕಾಯಿ ಅಲ್ಲವೆಂದು ಮೊದಲೇ ವಿಚಾರಿಸಿಕೊಂಡು ಬಂದಿದ್ದ ಒಂಬತ್ತನೆಯವನು ಎಳನೀರು ಎಂದ. ಮಾಚಲೆ ತಲೆಯ ಮೇಲೆ ಕೈಹೊತ್ತು ಕೂತಳು. ಈ ಪೆದ್ದರ ಪ್ರಾಣ ತೆಗೆದ ಪಾಪ ತನಗೆ ಸುತ್ತಿಕೊಳ್ಳುತ್ತದಲ್ಲ ಎಂದು ರೇಗಿ, ಆಜ್ಞೆ ಹಿಂತೆಗೆದುಕೊಳ್ಳಲು ತಂದೆಯನ್ನು ಬೇಡಿದಳು. ಕೊಟ್ಟ ಮಾತು ಕೊಟ್ಟದ್ದೇ ಎಂದ ದೊರೆ.

ಅಮಾವಾಸ್ಯೆಗೆ ಒಂದು ದಿನವಿತ್ತು. ಕಾಡಿನಲ್ಲಿ ಧೂಪದ ಅಂಟು ತೆಗೆಯುವ ದುಗ್ಗ ಅರಮನೆಯ ಪೂಜೆಗೆ ಧೂಪ ತಂದಿದ್ದ. ನಾಳೆ ಒಂಬತ್ತು ತಲೆ ಉರುಳುತ್ತವೆಂದು ಕೇಳಿ ಅವನ ಮನಸ್ಸು ತಡೆಯಲಿಲ್ಲ. ತಾನು ಗೆದ್ದರೆ ಅವರನ್ನೆಲ್ಲ ಬಿಡಬೇಕೆಂದು ದೊರೆಯಿಂದ ಮಾತು ಪಡೆದು ಸಭೆಗೆ ಬಂದು ನಿಂತ. ಒಗಟು ಕೇಳಿದ ಮೇಲೆ ಕೈ ಚಾಚಿದ.

"ಅಮ್ಮಣ್ಣೀ, ನಿಮ್ಮ ಕೈಲಿರೋ ಮಣಿ ಒಂದ್ಸಲ ಕೊಡಿ. ನೋಡದೆ ಏನಂತ ಹೇಳಲಿ?"

ಮಾಚಲೆ ಬೇಗಬೇಗನೆ ಸರ ಬಿಚ್ಚಿದಳು.

ದುಗ್ಗ ಮಣಿಯನ್ನು ತನ್ನ ಹೆಗಲ ಕಂಬಳಿಗೆ ತಿಕ್ಕಿ ಮೂಸಿದ. ಧೂಪದ ವಾಸನೆ ಬಂತು. ಇದು ಮರದಿಂದ ಸುರಿದ ಅಂಟು, ಮಣ್ಣಲ್ಲಿ ಹೂತು ಎಷ್ಟೋ ಕಾಲಕ್ಕೆ ಗಟ್ಟಿಯಾಗಿದೆ ಎಂದ. ಬಿಸಿಲಿಗೆ ಹಿಡಿದಾಗ ಒಳಗೊಂದು ಹನಿ ನೀರು ಕಂಡಿತು. ಅಂಟು ಹಸಿಯಿದ್ದಾಗ ಒಳಗೆ ಸಿಕ್ಕಿಕೊಂಡ ನೀರು, ಆರಿಹೋಗಲು ದಾರಿಯಿಲ್ಲ, ಅದೇ ಬತ್ತದ ಬಾವಿ ಎಂದ. ಮಣಿಯನ್ನು ತಿರುಗಿಸಿದ. ನೀರಿನಲ್ಲಿದ್ದ ಗಾಳಿಯ ಗುಳ್ಳೆ ಮೆಲ್ಲಗೆ ಮೇಲೇರಿತು. ಮೂರನೆಯದು ಈ ಗುಳ್ಳೆ ಎಂದ.

ದೊರೆ ಒಂಬತ್ತು ಜನರನ್ನೂ ಬಿಡಿಸಿ, ಅಳಿಯನಿಗೆ ಅರ್ಧ ರಾಜ್ಯವೆಂದು ಸಾರಿ, ಪುರೋಹಿತರನ್ನು ಕರೆಸಿದ. ದುಗ್ಗ ಸರ ಹಿಂತಿರುಗಿಸುತ್ತ, ಮದುವೆ ನಿಮಗೆ ಇಷ್ಟವೇ ಎಂದು ಮಾಚಲೆಯನ್ನು ಕೇಳಿದ.

"ಇದನ್ನು ಕೇಳಲು ಇಷ್ಟು ದಿನ ಒಬ್ಬರಿಗೂ ತೋಚಲಿಲ್ಲ" ಎಂದಳು ಅವಳು. ತಂದೆಯ ಕಡೆ ಒಮ್ಮೆ ನೋಡಿ, ಸರವನ್ನು ದುಗ್ಗನ ಕೊರಳಿಗೇ ಹಾಕಿದಳು.