ಹಗ್ಗ ಹಿಡಿದವನು

“ಬುದ್ಧೀ, ಇಂಗ್ಲಿಷಿನಲ್ಲಿ ‘ಹೋಲ್ಡ್ ಆನ್’ ಅಂತ ಒಂದು ಮಾತಿದೆ. ಸ್ವಲ್ಪ ಇರು ಅಂತಲೂ ಆಗುತ್ತದೆ, ತಡೆದುಕೋ ಅಂತಲೂ ಆಗುತ್ತದೆ, ಬಿಗಿಯಾಗಿ ಹಿಡಿದುಕೋ ಅಂತಲೂ ಆಗುತ್ತದೆ. ಮಕ್ಕಳಿಗೆ ಯಾವ ಅರ್ಥ ಹೇಳಿಕೊಡಲಿ?” ಎಂದು ಗುರುನಂಜ ಮೇಷ್ಟ್ರು ಪಾಠದ ಪುಸ್ತಕ ತೆರೆದು ಹಿಡಿದು ಮಠದ ಸ್ವಾಮಿಗಳನ್ನು ಕೇಳಿದರು.

“ಆ ಪುಸ್ತಕ ಮುಚ್ಚಿಡಿ ಮೇಷ್ಟ್ರೇ, ಕತೆ ಕೇಳಿ” ಎಂದರು ಸ್ವಾಮಿಗಳು.

ಒಂದು ಬೆಟ್ಟದಲ್ಲಿ ಒಬ್ಬ ಜೇನು ಕೀಳುವವನಿದ್ದ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಯ ನಡುವೆ. ಹಗ್ಗ ಕಟ್ಟಿಕೊಂಡು ಇಳಿಯಬೇಕು, ಮೇಲೆ ಇನ್ನೊಬ್ಬ ಹಗ್ಗ ಹಿಡಿದಿರಬೇಕು. ಆ ಜನರಲ್ಲಿ ಹಗ್ಗ ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಬೇಕು, ಬೇರೆಯವರ ಕೈಗೆ ಕೊಡುವಂತಿಲ್ಲ. ಒಡಹುಟ್ಟಿದವಳ ತಾಳಿ ಹರಿಯಲಿ ಅಂತ ಯಾವನು ತಾನೆ ಬಯಸುತ್ತಾನೆ?

ಇವನಿಗೆ ಇದ್ದವನು ಒಬ್ಬನೇ ಭಾವ. ಅವನ ಜೊತೆ ಮೂರು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಇವನು ತನ್ನ ಮಗಳ ನಾಮಕರಣಕ್ಕೆ ಕರೆಯಲಿಲ್ಲ ಅಂತ ಭಾವನಿಗೆ ಸಿಟ್ಟು. ಕರೆಯದೇ ಇದ್ದದ್ದೂ ನಿಜವೇ. ಆದರೂ ಜೇನಿನ ಕಾಲ ಬಂತು, ಭಾವ ಬಂದ. ಮುಖ ಅತ್ತ ತಿರುಗಿಸಿಕೊಂಡೇ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ ಹಿಡಿದ. ಇವನು ಹೊಗೆಯಾಡುವ ಹುಲ್ಲಿನ ಸೂಡಿ ಹಿಡಿದು ಇಳಿದ.

ಇಳಿದು ಜೇನುತಟ್ಟಿಗೆ ಕೈ ಹಾಕುವಷ್ಟರಲ್ಲಿ ಗಾಳಿ ತಿರುಗಿತು. ಹೊಗೆ ಎತ್ತಲೋ ಹೋಯಿತು. ಹೆಜ್ಜೇನು ಭೋರೆಂದು ಎದ್ದು ಮೇಲಕ್ಕೆ ನುಗ್ಗಿತು. ಮೇಲಿರುವವನು ಓಡದೆ ನಿಲ್ಲುತ್ತಾನೆಯೇ? ಇವನ ಜೀವ ಬಾಯಿಗೆ ಬಂತು.

“ಭಾವಾ, ಹಿಡಿದಿದ್ದೀಯಾ?” ಎಂದು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಇಲ್ಲ. ನಾಮಕರಣದ ಸೇಡು ಇವತ್ತು ತೀರಿಸಿಕೊಂಡ, ನನ್ನ ಕತೆ ಮುಗಿಯಿತು ಅಂತ ಅತ್ತೇಬಿಟ್ಟ. ಅಳುತ್ತಲೇ ಹಗ್ಗ ಹತ್ತತೊಡಗಿದ. ಹಗ್ಗ ಒಂದು ಬೆರಳಷ್ಟೂ ಜಾರಲಿಲ್ಲ.

ಮೇಲೆ ಬಂದು ನೋಡುತ್ತಾನೆ, ಶಿವ ಶಿವಾ! ಭಾವ ನಿಂತ ಜಾಗದಲ್ಲೇ ನಿಂತಿದ್ದಾನೆ. ಮುಖ ಊದಿ ಕಣ್ಣೇ ಕಾಣುತ್ತಿಲ್ಲ. ಕತ್ತು, ತೋಳು, ತುಟಿ, ಎಲ್ಲೆಲ್ಲೂ ಮುಳ್ಳು. ಹುಳುಗಳು ಇನ್ನೂ ಮೈಮೇಲೆ ಹರಿದಾಡುತ್ತಿವೆ. ಹಗ್ಗ ಬಿಡು ಅಂದರೂ ಆ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಇವನೇ ಒಂದೊಂದಾಗಿ ಬಿಡಿಸಿದ. ಬಿಡಿಸಿ ಅವನ ಕಾಲಿಗೆ ಬಿದ್ದ.

“ಅಷ್ಟು ಕೂಗಿದರೂ ಯಾಕೆ ಓಗೊಡಲಿಲ್ಲ ಭಾವಾ?”

“ಬಾಯಿ ತೆರೆದಿದ್ದರೆ ಹುಳು ಒಳಗೆ ಹೋಗುತ್ತಿತ್ತು. ಕೆಮ್ಮು ಬಂದಿದ್ದರೆ ಕೈ ಸಡಿಲವಾಗುತ್ತಿತ್ತು.”

ಅಷ್ಟು ಹೇಳಿ ಭಾವ ಊದಿದ ಮುಖವನ್ನು ಮತ್ತೆ ಅತ್ತ ತಿರುಗಿಸಿಕೊಂಡ.

ಮೇಷ್ಟ್ರು ಮುಂದಕ್ಕೆ ಬಾಗಿ ಕೇಳಿದರು, “ಆಗಲೂ ಸಿಟ್ಟು ಇಳಿದಿರಲಿಲ್ಲವೇ ಬುದ್ಧೀ? ಅಷ್ಟು ಸಿಟ್ಟಿದ್ದವನು ಹೇಗೆ ಕೈಬಿಡಲಿಲ್ಲ?”

“ಸಿಟ್ಟು ಮನಸ್ಸಿನಲ್ಲಿತ್ತು ಮೇಷ್ಟ್ರೇ, ಹಗ್ಗ ಕೈಯಲ್ಲಿತ್ತು” ಎಂದರು ಸ್ವಾಮಿಗಳು.